ರಾತ್ರಿ ಎಂಟರ ಉಲಿಯಕ್ಕಿ: ಮೈಸೂರಿನ ಲಿಂಗಾಂಬುಧಿ ಕೆರೆ, ಸೆಪ್ಟೆಂಬರ್–ಅಕ್ಟೋಬರ್ ದಾಖಲೆ

ಟಿಕ್ಕಿನ ತಕರಾರು ಬಗೆಹರಿಯಿತು. ಕತ್ತಲಾದ ಮೇಲೆ ನಮ್ಮ ಹಿತ್ತಿಲ ಬೇಲಿಯಾಚೆ 'ಟಿಕ್... ಟಿಕ್' ಎನ್ನುತ್ತಿದ್ದದ್ದು ಬ್ಲೈತ್ ಜೊಂಡು ಉಲಿಯಕ್ಕಿ ಎಂಬ ಪುಟ್ಟ ವಲಸೆ ಹಕ್ಕಿ ಅಲ್ಲ. ಸದ್ದು ಕೇಳಿ ಹಕ್ಕಿ ಗುರುತಿಸುವ ಬರ್ಡ್‌ನೆಟ್ ಆ್ಯಪ್ ಎಷ್ಟೇ ಆಣೆ ಪ್ರಮಾಣ ಮಾಡಿದರೂ ಅಲ್ಲ. ಅದೊಂದು ಎಲೆಮಿಡತೆ, ಎಲೆಯಂತೆ ಕಾಣುವ ರಾತ್ರಿಯ ಕೀಟ. ಇಷ್ಟನ್ನು ಖಚಿತ ಮಾಡಿಕೊಳ್ಳುವಷ್ಟರಲ್ಲಿ ಒಂದು ನಕಲಿ ಮೆಮೊರಿ ಕಾರ್ಡು, ಒಂದು ಗಣೇಶನ ಆರ್ಕೆಸ್ಟ್ರಾ ಮತ್ತು ಮನೆಯವರ ಅಪಾರ ತಾಳ್ಮೆ ಖರ್ಚಾಗಿದೆ.

ಆಡಿಯೋಮಾತ್ ಎಂಬ ಪುಟ್ಟ ಧ್ವನಿಮುದ್ರಣ ಯಂತ್ರವನ್ನು ಹೊಂದಿಸುವುದು, ಗಡಿಯಾರ ಸರಿಮಾಡುವುದು, ಮೂರು ಸೆಲ್ ತುರುಕುವುದು ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಯಂತ್ರ ಮೊದಲು ಕೂತದ್ದು ತಾರಸಿಯ ಪ್ಯಾರಾಪೆಟ್ ಮೇಲೆ. ಕೆರೆ ಆವರಣಕ್ಕೆ ಬೆಳಗ್ಗೆ, ಸಂಜೆ ಇಂತಿಷ್ಟು ಹೊತ್ತು ಮಾತ್ರ ಬಿಡುತ್ತಾರೆ. ರಾತ್ರಿ ಒಳಗೆ ಏನಾದರೂ ಮಿಣುಕುವ ಡಬ್ಬಿ ಕಟ್ಟಿಬಂದರೆ ಬಾಂಬು ಅಂತ ಗುಲ್ಲೆದ್ದೀತು. ತಾರಸಿಯ ಕೆಳಗೆ ಹಿತ್ತಿಲು, ಆಮೇಲೆ ತಂತಿಬೇಲಿ, ಬೇಲಿಗೆ ಹಬ್ಬಿದ ಲಂಟಾನ, ಅದರಾಚೆ ಜೊಂಡು, ನೀರು. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ಕಟ್ಟಿಸಿದ ಕೆರೆ ಇದು. ಆಗ ಸುತ್ತ ಲೇಔಟು, ಪೆಂಡಾಲು, ಸ್ಪೀಕರು ಒಂದೂ ಇರಲಿಲ್ಲ; ರೆಕಾರ್ಡಿಂಗಿಗೆ ಹೇಳಿ ಮಾಡಿಸಿದ ಕಾಲ.

ಈ ಸಲದ ಬರುವಿಕೆಯನ್ನು ಬೇಗ ಮುಗಿಸುತ್ತೇನೆ. ಬೂದು ಸಿಪಿಲೆ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ತೂಬಿನ ಕಲ್ಲಿನ ಮೇಲೆ ಬಾಲ ಕುಣಿಸಿತು. ಗದ್ದೆಗೊರವಗಳು ಕೆಸರಂಚಿಗೆ ಇಳಿದವು, ಕವಲುತೋಕೆಗಳು ಕರೆಂಟ್ ತಂತಿಗೆ ಸಾಲುಗಟ್ಟಿದವು. ನಾಮದಕೋಳಿ, ಜಂಬುಕೋಳಿ, ಗುಳುಮುಳುಕ ಹೇಗೂ ಮನೆಯವರೇ. ಮಳೆ ಬಿಟ್ಟ ಮಧ್ಯಾಹ್ನಗಳಲ್ಲಿ ಏರಿಯ ಮೇಲೆ ಪಾಂಟಾಲಾ ಏರೋಪ್ಲೇನ್ ಚಿಟ್ಟೆಗಳ ದಂಡು. ಮಳೆನೀರಿನ ಹೊಂಡದಲ್ಲಿ ಹುಟ್ಟಿ ಗಾಳಿ ಹಿಡಿದು ಹೊರಡುವ ಜಾತಿ. ಇವು ಇಲ್ಲಿಂದ ಮಾಲ್ಡೀವ್ಸ್ ಮೇಲಾಗಿ ಹಿಂದೂ ಮಹಾಸಾಗರವನ್ನೇ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ ಎಂದು ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದಾಗಿನಿಂದ ನನಗೆ ಇವನ್ನು ಕಂಡರೆ ಸಣ್ಣ ಅಸೂಯೆ. ನಾನಿನ್ನೂ ಮಾಲ್ಡೀವ್ಸ್ ನೋಡಿಲ್ಲ. ಆ ದಂಡಿನ ಕೆಳಗೆ ನೀಲಿಬಾಲದ ಕಳ್ಳಿಪೀರಗಳು ಕಾದು ಕೂತು ಒಂದೊಂದನ್ನೇ ಹಿಡಿದು ಕೊಂಬೆಗೆ ಬಡಿಯುತ್ತಿದ್ದವು. ಅಲ್ಲಿಗೆ ಕೆಲವರ ಆಫ್ರಿಕಾ ಯಾತ್ರೆ ಮುಗಿಯಿತು.

ಸರಿ, ಟಿಕ್ಕಿಗೆ ಬರೋಣ.

ಬ್ಲೈತ್ ಉಲಿಯಕ್ಕಿ ನಮಗೆಲ್ಲ ಚಳಿಗಾಲದ ಅತಿಥಿ. ಮಧ್ಯ ಏಷ್ಯಾ, ರಷ್ಯಾ ಕಡೆಗಳಿಂದ ಬಂದು ಏಪ್ರಿಲ್ ಹೊತ್ತಿಗೆ ಹೊರಡುವ ಗಿರಾಕಿ. ಕಣ್ಣಿಗೆ ಬೀಳುವುದು ಕಡಿಮೆ, ಕಿವಿಗೆ ಬೀಳುವುದೇ ಹೆಚ್ಚು. ಹಾಗಾಗಿ ಅದು ಬಂದ ದಿನವನ್ನು ಕಿವಿಯಿಂದಲೇ ಬರೆದುಕೊಳ್ಳುವುದು ನನ್ನ ರೂಢಿ. ಈ ವರ್ಷ ಯಂತ್ರದ ಕಿವಿಗೆ ವಹಿಸಿದೆ: ರಾತ್ರಿ ಹಗಲು ಧ್ವನಿ ಹಿಡಿ, ಬರ್ಡ್‌ನೆಟ್‌ಗೆ ಉಣಿಸು, ಮೊದಲ ದಿನಾಂಕ ತೆಗೆ. ಬರ್ಡ್‌ನೆಟ್ ಸೆಪ್ಟೆಂಬರ್ ಮೊದಲ ವಾರದಲ್ಲೇ ಉಲಿಯಕ್ಕಿ ಬಂದಿದೆ ಎಂದು ಡಂಗೂರ ಸಾರಿತು. ಖುಷಿಪಟ್ಟುಕೊಂಡು ಸಮಯದ ಕಾಲಂ ನೋಡಿದರೆ 20:12, 20:47, 21:30, 23:05. ಹಗಲಿನಲ್ಲಿ ಒಂದೂ ಇಲ್ಲ. ಸಂಸಾರವಂದಿಗ ಹಕ್ಕಿ ಯಾವುದೂ ಪೊದೆಯಲ್ಲಿ ಕೂತು ರಾತ್ರಿ ಹನ್ನೊಂದಕ್ಕೆ ಹೀಗೆ ಹರಟುವುದಿಲ್ಲ.

ಹಾಗಂತ ಅಳಿಸಿಬಿಡಲು ಮನಸ್ಸು ಬರಲಿಲ್ಲ. ಕಿವಿಗೆ ಅದು ಥೇಟ್ ಉಲಿಯಕ್ಕಿಯೇ. ಗಟ್ಟಿ, ಒಣ, ಚಿಕ್ಕ ಟಿಕ್.

ಮೊದಲು ನೋಡಿದ್ದು ಲಯ. ಕೀಟವಾದರೆ ಗಡುವು ತಪ್ಪದ ಲಯ ಇರಬೇಕು, ಹಕ್ಕಿಯಾದರೆ ಮನಬಂದಂತೆ. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಟಿಕ್ಕಿನಿಂದ ಟಿಕ್ಕಿಗೆ ಅಳೆದರೆ ಅಂತರ ಅಡ್ಡಾದಿಡ್ಡಿ. ಒಮ್ಮೆ ಹತ್ತಿರ, ಒಮ್ಮೆ ದೂರ, ಒಮ್ಮೆ ಎರಡು ಒಟ್ಟಿಗೇ. ಅಂದರೆ ಹಕ್ಕಿ! ಇಲ್ಲಿಗೇ ನಿಲ್ಲಿಸಿದ್ದರೆ 'ರಾತ್ರಿ ಕರೆಯುವ ಉಲಿಯಕ್ಕಿ' ಅಂತ ನಾನೂ ಎಲ್ಲೋ ಭಾಷಣ ಕೊಡುತ್ತಿದ್ದೆ. ಆದರೆ ಅಲೆಯ ಎತ್ತರವನ್ನು ಗಮನಿಸಿದರೆ ಎರಡು ಬಗೆ: ಕೆಲವು ಟಿಕ್ ಜೋರು, ಕೆಲವು ಮೆತ್ತಗೆ. ಜೋರಿನವನ್ನಷ್ಟೇ ಆರಿಸಿ ಅಳೆದೆ. ಅಂತರ ಒಂದೇ ಸಮ. ಮೆತ್ತಗಿನವನ್ನು ಅಳೆದೆ. ಅವೂ ಒಂದೇ ಸಮ, ಆದರೆ ಕೂದಲೆಳೆಯಷ್ಟು ನಿಧಾನ. ಇಬ್ಬರು ಗಾಯಕರು, ಇಬ್ಬರಿಗೂ ಅವರವರ ತಾಳ. ಒಂದೇ ಮೈಕಿನ ಯಂತ್ರ ಎರಡನ್ನೂ ಕಲಸಿ ನನಗೆ ಬಡಿಸಿತ್ತು.

ಲಯ ಒಂದರಿಂದಲೇ ತೀರ್ಪು ಕೊಡುವಂತಿಲ್ಲ. ಮುಂದಿನದು ಕಂಪನಾಂಕ. ಜೀರುಂಡೆಗಳು ಬಹುಪಾಲು ಒಂದೇ ಶ್ರುತಿ ಹಿಡಿದು ಕೂಗುತ್ತವೆ. ಎಲೆಮಿಡತೆಗಳ ಸದ್ದು ಹಾಗಲ್ಲ, ಅಗಲವಾಗಿ ಹರಡಿ ನಮ್ಮ ಕಿವಿಗೆ ಎಟುಕದ ಎತ್ತರಕ್ಕೂ ಏರುತ್ತದೆ. ನಾನು ಸೆಲ್ ಉಳಿಸಲೆಂದು 32 ಕಿಲೋಹರ್ಟ್ಸ್ ದರದಲ್ಲಿ, ಅಂದರೆ ಸೆಕೆಂಡಿಗೆ 32 ಸಾವಿರ ಸಲ ಅಳೆದು, ಹಿಡಿಯುತ್ತಿದ್ದೆ. ಅದರಲ್ಲಿ ಕಾಣುವುದು ದರದ ಅರ್ಧ, 16 ಕಿಲೋಹರ್ಟ್ಸ್ ತನಕ ಮಾತ್ರ. ಸ್ಪೆಕ್ಟ್ರೋಗ್ರಾಮಿನಲ್ಲಿ, ಅಂದರೆ ಕಂಪನಾಂಕವನ್ನು ಎತ್ತರವಾಗಿ ತೋರಿಸುವ ಸದ್ದಿನ ಚಿತ್ರದಲ್ಲಿ, ಟಿಕ್ಕಿನ ಗೆರೆ ನೇರ ಮೇಲೇರಿ ಚಿತ್ರದ ಅಂಚಿಗೆ ಮುಗಿಯುತ್ತಿತ್ತು. ಅದರ ಮೇಲೆ ಏನಿದೆ ಎಂದು ನೋಡಲೇಬೇಕಿತ್ತು. ದರವನ್ನು 192ಕ್ಕೆ ಏರಿಸಿದೆ.

192 ಅಂದರೆ ನಿಮಿಷಕ್ಕೆ ಸುಮಾರು 23 ಎಂಬಿ, ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ಜಿಬಿ. ಹಳೇ ಕಾರ್ಡು ಸಾಲದು. ಪೇಟೆಯಲ್ಲಿ 64 ಜಿಬಿಯದು ತಂದೆ. 'ಒರಿಜಿನಲ್ ಅಲ್ವೇನ್ರೀ?' ಅಂದರೆ ಅಂಗಡಿಯವರು, 'ಸಾರ್, ಡೂಪ್ಲಿಕೇಟ್ ಮಾರಿದ್ರೆ ನಾವು ಅಂಗಡಿ ಇಟ್ಕೊಂಡ್ ಕೂರ್ತಿದ್ವಾ ಸಾರ್' ಎಂದು ನೊಂದುಕೊಂಡರು. ರಾತ್ರಿಯಿಡೀ ಓಡಿಸಿ ಬೆಳಗ್ಗೆ ತೆರೆದರೆ ಕಡತಗಳ ಹೆಸರೆಲ್ಲ ನೆಟ್ಟಗಿವೆ, ಅಳತೆಯೂ ಸರಿಯಿದೆ, ಒಳಗೆ ಮಾತ್ರ ಬರೀ ಗೊರಗೊರ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಕಾರ್ಡು ಪರೀಕ್ಷಿಸುವ ತಂತ್ರಾಂಶ ಹಾಕಿ ನೋಡಿದೆ: ನಿಜವಾದ ಜಾಗ 8 ಜಿಬಿಯೂ ಇಲ್ಲ. ಮಿಕ್ಕಿದ್ದೆಲ್ಲ ಕಾಗದದ ಮೇಲಿನ ಸೈಟು. ವಾಪಸ್ ಕೊಡಲು ಹೋದರೆ 'ಕವರ್ ಓಪನ್ ಆಗಿದೆಯಲ್ಲ ಸಾರ್'. ಕವರ್ ಒಡೆಯದೆ ಕಾರ್ಡನ್ನು ಯಂತ್ರದೊಳಗೆ ತೂರಿಸುವ ವಿದ್ಯೆ ನನಗೆ ತಿಳಿಯದು. ಹೊಸ ಕಾರ್ಡನ್ನು ಮೊದಲು ಪೂರ್ತಿ ತುಂಬಿಸಿ ಪರೀಕ್ಷಿಸದೆ ಕಾಡಿಗೆ ಕಳಿಸಬೇಡಿ.

ಸರಿಯಾದ ಕಾರ್ಡು ಸಿಕ್ಕಿತು. ಆ ಹೊತ್ತಿಗೆ ಗಣೇಶ ಕೂತಿದ್ದ. ಬೀದಿಯ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ. ಅದರ ಗದ್ದಲ ಕೆಳಗಿನ ಕಂಪನಾಂಕದಲ್ಲೇ ಮುಗಿಯುತ್ತದೆ, ಮೇಲಿನದಕ್ಕೆ ತೊಂದರೆಯಿಲ್ಲ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ಪಟಾಕಿಯನ್ನು ಯಾರೂ ಲೆಕ್ಕಕ್ಕೆ ತಂದಿರಲಿಲ್ಲ.

ವಿಸರ್ಜನೆ ಆದ ಮೇಲಿನ ರಾತ್ರಿ ಎಲ್ಲ ಕೂಡಿಬಂತು: ಸದ್ದಿಲ್ಲದ ಬೀದಿ, ಅಸಲಿ ಕಾರ್ಡು, 192ರ ದರ, ಪೊದೆಯಲ್ಲಿ ಟಿಕ್. ಸ್ಪೆಕ್ಟ್ರೋಗ್ರಾಮ್ ತೆರೆದರೆ ಇಪ್ಪತ್ತು ಕಿಲೋಹರ್ಟ್ಸ್ ಮೇಲೆ ಖಾಲಿ. ಅಪ್ಪಟ ಖಾಲಿ. ಇದಕ್ಕಿಂತ ತಲೆಕೆಡಿಸುವ ಫಲಿತಾಂಶ ಬೇರೆ ಇಲ್ಲ. ಕಂಪನಾಂಕ ಹೇಳುತ್ತದೆ ಹಕ್ಕಿ, ಲಯ ಹೇಳುತ್ತದೆ ಕೀಟ.

ಉತ್ತರ ಹೊಳೆದದ್ದು ಬಾವಲಿಯಿಂದ. ತಾರಸಿಯ ಮೇಲೇ ಹಾರಿದ ಬಾವಲಿಯ ಕೂಗು ಅದೇ ಕಡತದಲ್ಲಿ 40ರ ಆಸುಪಾಸಿನಲ್ಲಿ ಚೆನ್ನಾಗಿ ಮೂಡಿತ್ತು. ಅಂದರೆ ಯಂತ್ರದ ಕಿವಿ ಸರಿಯಿದೆ, ದೂರವೇ ತೊಂದರೆ. ಶಬ್ದದ ಎತ್ತರ ಹೆಚ್ಚಿದಷ್ಟೂ ಗಾಳಿ ಅದನ್ನು ಬೇಗ ನುಂಗುತ್ತದೆ; 40 ಕಿಲೋಹರ್ಟ್ಸ್‌ನಲ್ಲಿ ಪ್ರತಿ ಮೀಟರಿಗೆ ಒಂದು ಡೆಸಿಬೆಲ್‌ಗಿಂತ ಹೆಚ್ಚು ನಷ್ಟ. ಬೇಲಿಯಿಂದ ತಾರಸಿಗೆ ಬರುವಷ್ಟರಲ್ಲಿ ಟಿಕ್ಕಿನ ಮೇಲರ್ಧ ದಾರಿಯಲ್ಲೇ ಕರಗಿ, ಹಕ್ಕಿಯಂತೆ ಕೇಳುವ ಕೆಳಗಿನರ್ಧ ಮಾತ್ರ ಮೈಕಿಗೆ ಮುಟ್ಟುತ್ತಿತ್ತು. ಬರ್ಡ್‌ನೆಟ್ ಅನ್ನು ಬೈಯುವ ಹಾಗೂ ಇಲ್ಲ, ಅದು ಕೇಳಿದ್ದು ಅಷ್ಟೇ.

ಯಂತ್ರವನ್ನು ಇಳಿಸಿ ಹಿತ್ತಿಲಿನ ನುಗ್ಗೆಮರದ ಕೆಳಕೊಂಬೆಗೆ ಕಟ್ಟಿದೆ, ಪೊದೆಗೆ ಕೈಚಾಚಿದರೆ ಸಿಗುವಷ್ಟು ಹತ್ತಿರ. ಈಗ ಮಳೆಯ ಕಾಟ. ಪ್ಲಾಸ್ಟಿಕ್ ಚೀಲ ಹೊದಿಸಿದರೆ ಹನಿ ಬಿದ್ದಾಗಲೆಲ್ಲ ಚೀಲವೇ ಟಿಕ್ ಅನ್ನುತ್ತದೆ, ಮಳೆ ನಿಂತ ಮೇಲೆ ಗಾಳಿಗೆ ಮುದುಡುತ್ತ ಮತ್ತೆ ಟಿಕ್. ನೀರು ತಡೆದು ಸದ್ದು ಬಿಡುವ ಪೊರೆ ಬೇಕೆಂದು ಆನ್‌ಲೈನಿನಲ್ಲಿ ಕೇಳಿದರೆ ನೂರಕ್ಕಿಂತ ಕಡಿಮೆ ಕೊಡುವುದಿಲ್ಲವಂತೆ. ನೂರು ಪೊರೆ ತಗೊಂಡು ನಾನೇನು ಮದುವೆಗೆ ತಾಂಬೂಲ ಕೊಡಲೇ? ಕೊನೆಗೆ ಗಟ್ಟಿ ಡಬ್ಬಿಗೆ ತೂತು ಕೊರೆದು ಅದರ ಮೇಲೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಒಂದೇ ಪದರ ಎಳೆದು ಅಂಟಿಸಿದೆ. ನಡೆಯುತ್ತಿದೆ.

ಆ ರಾತ್ರಿಯ ಟಿಕ್ 9 ಕಿಲೋಹರ್ಟ್ಸ್ ಹತ್ತಿರ ಶುರುವಾಗಿ 40 ದಾಟಿ ಏರಿತ್ತು. ಒಂದೇ ಟಿಕ್ಕನ್ನು ಹಿಗ್ಗಿಸಿ ನೋಡಿದೆ. ಅದು ಒಂದು ಸದ್ದೇ ಅಲ್ಲ, ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ನಿಂತ ಪುಟ್ಟ ಪುಟ್ಟ ಹೊಡೆತಗಳ ಸಾಲು. ಎಲೆಮಿಡತೆ ಒಂದು ರೆಕ್ಕೆಯ ಅರದ ಮೇಲೆ ಇನ್ನೊಂದು ರೆಕ್ಕೆಯ ಅಂಚನ್ನು ಎಳೆಯುತ್ತದೆ. ಅರದ ಪ್ರತಿ ಹಲ್ಲು ತಾಗಿದ್ದೂ ಅಲ್ಲಿ ಬೇರೆ ಬೇರೆಯಾಗಿ ಬಿದ್ದಿತ್ತು. ಹೋಲಿಸಲು ಹಕ್ಕಿಯೂ ಬೇಕಲ್ಲ. ಅದು ಕೊನೆಗೊಂದು ಬೆಳಗ್ಗೆ ತಾನಾಗಿಯೇ ಬಂತು: ಲಂಟಾನದ ಒಳಗೆ ಬೂದುಗಂದು ಮೈ, ಮಾಸಲು ಹೊಟ್ಟೆ, ಕಣ್ಣು ದಾಟುವಷ್ಟರಲ್ಲಿ ಮುಗಿದುಹೋಗುವ ಬಿಳಿ ಹುಬ್ಬು, ಪ್ರತಿ ಟಿಕ್ಕಿಗೂ ಬಾಲ ಚಿಮ್ಮುವ ಚಾಳಿ. ಅದೇ ಮೈಕು, ಅದೇ ದೂರ. ಅದರ ಟಿಕ್ 10 ದಾಟುತ್ತಲೇ ಮಂಕಾಯಿತು, ಹಿಗ್ಗಿಸಿದರೂ ಬಾಚಣಿಗೆ ಕಾಣಲಿಲ್ಲ.

ಮೊಳೆ ಹೊಡೆದದ್ದು ತಾಪಮಾನ. ಆಡಿಯೋಮಾತ್ ಪ್ರತಿ ಕಡತದ ತಲೆಯಲ್ಲೂ ಆ ಹೊತ್ತಿನ ತಾಪಮಾನ ಬರೆದಿಡುತ್ತದೆ, ನಾವ್ಯಾರೂ ತಿರುಗಿ ನೋಡುವುದಿಲ್ಲ ಅಷ್ಟೇ. ಕೀಟದ ಮೈ ಹವೆಯ ಜತೆ ತಣ್ಣಗಾಗುತ್ತದೆ, ತಾಳವೂ ಇಳಿಯುತ್ತದೆ. ಡಾಲ್ಬೇರ್ ಎಂಬ ಅಮೆರಿಕದ ಮೇಷ್ಟ್ರು ಜೀರುಂಡೆಯ ಕೂಗನ್ನು ಎಣಿಸಿ ತಾಪಮಾನ ಹೇಳುವ ಸೂತ್ರ ಕೊಟ್ಟದ್ದು 1897ರಲ್ಲಿ. ನನ್ನ ಗಾಯಕರು ರಾತ್ರಿ ಒಂಬತ್ತಕ್ಕೆ 24 ಡಿಗ್ರಿಯಲ್ಲಿ ಚುರುಕಾಗಿದ್ದವರು, ಬೆಳಗಿನ ಜಾವ 20ಕ್ಕೆ ಇಳಿದಾಗ ತೂಕಡಿಸುತ್ತ ಟಿಕ್ಕೆನ್ನುತ್ತಿದ್ದರು. ಹಕ್ಕಿಗೆ ಈ ಹಂಗಿಲ್ಲ.

ಮಾರನೇ ರಾತ್ರಿ ಟಾರ್ಚು ಹಿಡಿದು ಆಳನ್ನೇ ಹುಡುಕಿದೆ. ಬೆಳಕು ಬಿದ್ದರೆ ಸದ್ದು ಬಂದ್, ಆರಿಸಿದರೆ ಮತ್ತೆ ಶುರು; ಬಹಳ ಹೊತ್ತು ಈ ಕಣ್ಣಾಮುಚ್ಚಾಲೆ. ಕೊನೆಗೆ ಎಲೆಯ ಅಡಿಯಲ್ಲಿ ಸಿಕ್ಕಿತು: ಎಲೆಯಷ್ಟೇ ಹಸಿರು, ಮೈಗಿಂತ ಉದ್ದದ ಮೀಸೆ, ಮುಂಗಾಲಿನ ಮೊಣಕಾಲ ಕೆಳಗೆ ಸಣ್ಣ ಅಂಡಾಕಾರದ ಕುಳಿ. ಅದೇ ಅದರ ಕಿವಿ. ಜಾತಿ ಯಾವುದೆಂದು ಫೋಟೋ ನೋಡಿ ಹೇಳುವ ಧೈರ್ಯ ಮಾಡುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಅವರ ತಂಡ ದಕ್ಷಿಣ ಭಾರತದ ಮೆಕೊಪೊಡಾ ಎಲೆಮಿಡತೆಗಳಲ್ಲಿ, ನೋಡಲು ಒಂದೇ ತರಹ ಇರುವವುಗಳಲ್ಲಿ, ಐದು ಬಗೆಯ ಹಾಡು ಗುರುತಿಸಿತ್ತು. ಒಂದಕ್ಕೆ 'ಹೆಲಿಕಾಪ್ಟರ್' ಅಂತಲೇ ಹೆಸರು. ಹಾಡು ಬೇರೆ, ಮುಖ ಒಂದೇ ಎನ್ನುವ ಕುಲದವರ ಮುಂದೆ ನನ್ನ ಮೊಬೈಲ್ ಫೋಟೋ ಯಾವ ಲೆಕ್ಕ?

ಅದೇ ಸಂಸ್ಥೆಯವರ ಇನ್ನೊಂದು ಕೆಲಸ ನೆನಪಾಗಿ ಮುಂದಿನ ಯೋಜನೆ ಈಗಾಗಲೇ ತಲೆ ಹೊಕ್ಕಿದೆ. ಇಕಾಂತಸ್ ಹೆನ್ರಿ ಎಂಬ ಮರಜೀರುಂಡೆಯ ಗಂಡು ಎಲೆಯಲ್ಲಿ ತೂತು ಕಡಿದು, ಅದರಲ್ಲಿ ರೆಕ್ಕೆ ಚಾಚಿ ಕೂತು ಹಾಡುತ್ತದೆ, ಎಲೆಯೇ ಧ್ವನಿವರ್ಧಕ. ಮೆತ್ತಗೆ ಹಾಡುವ ಸಣ್ಣ ಗಂಡುಗಳೇ ಈ ಉಪಾಯಕ್ಕೆ ಹೆಚ್ಚು ಕೈಹಾಕುವುದು. ಅದು ಕೂರುವ ಹಿಪ್ಟಿಸ್ ಕಳೆ, ತುಳಸಿಯ ನೆಂಟ, ಊರಾಚೆಯ ಖಾಲಿ ಸೈಟುಗಳಲ್ಲಿ ಬೇಕಾದಷ್ಟಿದೆ. ಅದಕ್ಕೆ ದೂರದ ಸದ್ದನ್ನು ಗುರಿಯಿಟ್ಟು ಹಿಡಿಯುವ ಪ್ಯಾರಾಬೋಲಾ ತಟ್ಟೆ ಬೇಕು. 60 ಸೆಂಟಿಮೀಟರ್ ಅಗಲ, 15 ಆಳದ ಬೋಗುಣಿ ಸಿಕ್ಕರೆ ನಾಭಿ (ಸದ್ದು ಒಟ್ಟುಗೂಡುವ ಬಿಂದು) ಸರಿಯಾಗಿ ಬಾಯಂಚಿನ ಮಟ್ಟಕ್ಕೇ ಬರುತ್ತದೆ, ಮೈಕು ಕಟ್ಟುವುದು ಸುಲಭ. ಅಷ್ಟಗಲದ್ದು 570 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಉಪಯೋಗಕ್ಕೆ ಬಾರದು, ನನಗದು ಬೇಕಾಗಿಯೂ ಇಲ್ಲ. ಹಳೇ ಡಿಟಿಎಚ್ ತಟ್ಟೆ ಆಗದೇ ಎಂದು ಕೇಳುವವರಿಗೆ: ಅದರ ನಾಭಿ ಓರೆಗಿರುತ್ತದೆ, ಗುರಿಯಿಡುವಾಗ ಕುತ್ತಿಗೆ ಉಳುಕುತ್ತದೆ. ಅಮ್ಮನ ಬಳಿ ಹಬ್ಬಕ್ಕೆ ಮಾತ್ರ ಇಳಿಸುವ ಒಂದು ದೊಡ್ಡ ಬಾಣಲೆ ಇದೆ. ಅಡಿ ಚಪ್ಪಟೆಯೋ ಗುಂಡೋ ಎಂದು ಇಣುಕಿ ನೋಡಿದ್ದಕ್ಕೇ 'ಅದನ್ನ ಮುಟ್ಟಿದ್ರೆ ನೋಡು' ಎಂಬ ಆದೇಶ ಬಂದಿದೆ.

ಉಳಿದಿರುವ ತೊಡಕು ಒಂದು: ಬೆಳಗಿನ ಜಾವ ಐದೂವರೆಯಿಂದ ಆರೂಕಾಲು. ಆಗ ಮಿಡತೆ ಇನ್ನೂ ಮುಗಿಸಿರುವುದಿಲ್ಲ, ಉಲಿಯಕ್ಕಿ ಆಗಲೇ ಶುರುಮಾಡಿರುತ್ತದೆ. 192ರಲ್ಲಿ ಬೇರ್ಪಡಿಸಬಹುದು, ಆದರೆ ಬರ್ಡ್‌ನೆಟ್ ಅಷ್ಟು ಮೇಲಿನದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಸದ್ಯಕ್ಕೆ ಆ ಮುಕ್ಕಾಲು ಗಂಟೆಯ ಟಿಕ್ಕುಗಳನ್ನು ಕೈಯಲ್ಲೇ ಆರಿಸುತ್ತಿದ್ದೇನೆ: 20ರ ಮೇಲೆ ಗೆರೆ ಇದ್ದರೆ ಮಿಡತೆಯ ಖಾತೆಗೆ, ಇಲ್ಲದಿದ್ದರೆ ಹಕ್ಕಿಯ ಖಾತೆಗೆ. ಸೆಪ್ಟೆಂಬರಿನ ರಾತ್ರಿ ದಾಖಲೆಗಳನ್ನೆಲ್ಲ ಪಟ್ಟಿಯಿಂದ ತೆಗೆದ ಮೇಲೆ ಉಲಿಯಕ್ಕಿಯ ಆಗಮನ ಮೂರು ವಾರ ಮುಂದಕ್ಕೆ ಹೋಗಿದೆ. ಈ ವಿಂಗಡಣೆಗೆ ಯಾರಾದರೂ ಪೈಥಾನಿನಲ್ಲಿ ಚಿಕ್ಕ ಸ್ಕ್ರಿಪ್ಟ್ ಬರೆದಿದ್ದರೆ ಕಳಿಸಿ. ಬದಲಿಗೆ ಒಂದು 64 ಜಿಬಿ ಕಾರ್ಡು ಕೊಡುತ್ತೇನೆ, ಕವರ್ ಮಾತ್ರ ಓಪನ್ ಆಗಿದೆ.