ಸ್ಟೀಲ್ ಆಯಿಲ್ ಫಿಲ್ಟರ್: ಸೋರ್ತಿದ್ದ ಜಾಗ ಕೊನೆಗೂ ಸಿಕ್ತು

ಸಿಕ್ಕಾಕೊಂಡ ಕಳ್ಳ! ಬೈಕಿನ ಇಂಜಿನ್ ಆಯಿಲ್ ಸೋಸೋ, ತೊಳೆದು ಮತ್ತೆ ಹಾಕೋ ಸ್ಟೀಲ್ ಫಿಲ್ಟರ್ ಇದು, ಒಳಗಿರೋದು ಮಡಚಿ ಮಡಚಿ ಇಟ್ಟ ಮೆಶ್ (ಜಾಲರಿ). ಆ ಮಡಿಕೆಯ ತುದಿ ಎಂಡ್ ಕ್ಯಾಪಿನ (ತುದಿಯ ಮುಚ್ಚಳದ) ಅಂಟಿನೊಳಗೆ ಹೋಗೋ ಜಾಗ ಇದ್ಯಲ್ಲ, ದ್ರವದಲ್ಲಿ ಮುಳುಗಿಸಿ ಗಾಳಿ ತಳ್ಳಿದ್ರೆ ಅಲ್ಲಿ ಒಂದೇ ಕಡೆಯಿಂದ ಸಣ್ಣ ಗುಳ್ಳೆ ಸಾಲಾಗಿ ಬರ್ತಿದೆ. ಟಾರ್ಚ್ ಹಾಕಿ ನೋಡಿದ್ರೂ ಕಾಣಲ್ಲ, ಉಗುರಲ್ಲಿ ಕೆರೆದ್ರೂ ಗೊತ್ತಾಗಲ್ಲ.

ಆಯಿಲ್ ಬಸಿಯೋದು, ಕವರ್ ಬಿಚ್ಚೋದು, ಓ-ರಿಂಗ್ ಬದಲಾಯ್ಸೋದು ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ನನ್ನ ತಲೆ ತಿಂದಿದ್ದು ಒಂದೇ ವಿಷಯ, ತೊಳೆದು ಮತ್ತೆ ಹಾಕೋ ಫಿಲ್ಟರ್ ನಿಜವಾಗ್ಲೂ ಕ್ಲೀನ್ ಆಯ್ತಾ, ಎಲ್ಲೂ ತೂತು ಬಿದ್ದಿಲ್ವಾ ಅಂತ ತಿಳ್ಕೊಳ್ಳೋದು ಹೇಗೆ? ಪೇಪರ್ ಫಿಲ್ಟರಲ್ಲಿ ಈ ರಗಳೆನೇ ಇಲ್ಲ, ಹಳೇದು ಎಸೆದು ಹೊಸದು ಹಾಕಿದ್ರೆ ಮುಗೀತು.

ವೆಟ್ ಕ್ಲಚ್ (ಆಯಿಲಲ್ಲೇ ಓಡೋ ಕ್ಲಚ್) ಬೈಕುಗಳಲ್ಲಿ ಸಾಮಾನ್ಯವಾಗಿ ಇಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್ ಅಲ್ವಾ, ಕ್ಲಚ್ ಪ್ಲೇಟಿಂದ ಸವೆದು ಬಂದ ನಾರೆಲ್ಲ ಮಡಿಕೆ ಬುಡದಲ್ಲಿ ಹೋಗಿ ಕೂರುತ್ತೆ. ಸೀಮೆಎಣ್ಣೆಲಿ ನೆನೆಸಿ, ಬ್ರಷ್ ಆಡ್ಸಿ, ಕಡಿಮೆ ಪ್ರೆಶರಲ್ಲಿ ಒಳಗಿಂದ ಹೊರಗೆ ಗಾಳಿ ಹೊಡೆದ್ರೂ ಬುಡದಲ್ಲಿ ಕಪ್ಪು ಗೆರೆ ಹಾಗೇ ಇತ್ತು. ಹೊರಗಿಂದ ಒಳಕ್ಕೆ ಮಾತ್ರ ಹೊಡೀಬೇಡಿ, ಕೊಳೆ ಸೀದಾ ಬೇರಿಂಗ್ ಕಡೆ ಹೋಗೋ ಬದಿಗೆ ಸೇರ್ಕೊಳ್ಳುತ್ತೆ.

ಮಾರೋರನ್ನ ಕೇಳೋಣ ಅಂದ್ರೆ ಅದೊಂದು ದೊಡ್ಡ ಕಥೆ. ಡಬ್ಬದ ಮೇಲೆ 35 ಮೈಕ್ರಾನ್ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ, ಅದು ನಾಮಿನಲ್ಲಾ (ಅಷ್ಟು ದೊಡ್ಡ ಕಣಗಳಲ್ಲಿ ಒಂದಷ್ಟು ಪಾಲು ಹಿಡಿಯೋದು) ಆಬ್ಸಲ್ಯೂಟಾ (ಹೆಚ್ಚುಕಡಿಮೆ ಎಲ್ಲ ಹಿಡಿಯೋದು) ಅಂತ ಕೇಳಿದ್ರೆ ‘ಒಳ್ಳೆ ಕ್ವಾಲಿಟಿ ಸರ್’ ಅಂತ ಉತ್ತರ ಬಂತು!

ಅದಕ್ಕೇ ಗುಳ್ಳೆ ಟೆಸ್ಟ್. ಫಿಲ್ಟರಿನ ಒಂದು ಬಾಯಿಗೆ ರಬ್ಬರ್ ಬೂಚು, ಇನ್ನೊಂದಕ್ಕೆ ಪೈಪು, ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಸ್ವಲ್ಪವೇ ಮುಳುಗೋ ಹಾಗೆ ಇಟ್ಟು ದೊಡ್ಡ ಸಿರಿಂಜಿಂದ ನಿಧಾನಕ್ಕೆ ಗಾಳಿ ತಳ್ಳೋದು (ಬೆಂಕಿ, ಕಿಡಿ ಹತ್ರ ಖಂಡಿತ ಬೇಡ). ತೂತು ಸಣ್ಣದಾದಷ್ಟೂ ಅದ್ರಲ್ಲಿ ನಿಂತಿರೋ ದ್ರವ ತಳ್ಳೋಕೆ ಜಾಸ್ತಿ ಒತ್ತಡ ಬೇಕು. ಲೆಕ್ಕ ಹಾಕಿದ್ರೆ 35 ಮೈಕ್ರಾನಿಗೆ ಸುಮಾರು 25 ಸೆಂಟಿಮೀಟರ್ ನೀರಿನಷ್ಟು, 100 ಮೈಕ್ರಾನಿಗೆ ಬರೀ 9. ಇಷ್ಟಕ್ಕೆಲ್ಲ ಗೇಜ್ ಯಾಕೆ, ಪಾರದರ್ಶಕ ಪೈಪನ್ನ ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ, ಒಂದು ತುದಿನ ಗಾಳಿ ಪೈಪಿಗೆ ಸೇರಿಸಿ ಪಕ್ಕದಲ್ಲೊಂದು ಸ್ಕೇಲ್ ಅಂಟಿಸಿದ್ರೆ ಆಯ್ತು, ಎರಡು ಕಡೆ ನೀರಿನ ಮಟ್ಟದ ವ್ಯತ್ಯಾಸನೇ ಒತ್ತಡ.

ನೀರಿನ ವ್ಯತ್ಯಾಸ 9 ತಲುಪೋ ಹೊತ್ತಿಗೇ ಅಂಟಿನ ಹತ್ರ ಗುಳ್ಳೆ ಶುರು! ಆ ಜಾಗನ ಗ್ಲೌಸ್ ಹಾಕಿದ ಬೆರಳಲ್ಲಿ ಒತ್ತಿಹಿಡಿದು ಇನ್ನೂ ಏರಿಸಿದ್ರೆ ಉಳಿದ ಮೆಶ್ 25ರ ಆಸುಪಾಸಲ್ಲಿ ಎಲ್ಲ ಕಡೆಯಿಂದ ನೊರೆ ಬಿಡುತ್ತೆ, ಕಪ್ಪು ಗೆರೆ ಇದ್ದ ಮಡಿಕೆಗಳು ಮಾತ್ರ ಗಪ್‌ಚಿಪ್. ಅಂದ್ರೆ ಅವು ಇನ್ನೂ ಕಟ್ಕೊಂಡಿವೆ. ತೂತೆಲ್ಲಿದೆ, ಕೊಳೆ ಎಲ್ಲಿದೆ ಅಂತ ಒಂದೇ ಟೆಸ್ಟಲ್ಲಿ ಎರಡೂ ಗೊತ್ತಾಯ್ತು. ಕೊಳೆ ಆಮೇಲೆ ಅಲ್ಟ್ರಾಸೋನಿಕ್ ಕ್ಲೀನರಲ್ಲಿ ಬಿಸಿನೀರು, ಡಿಟರ್ಜೆಂಟ್ ಹಾಕಿದ್ಮೇಲೆ ಬಿಡ್ತು.

ಅಂಟಿಂದು ರಿಪೇರಿ ಮಾಡಲ್ಲ. ಅಷ್ಟು ಸಣ್ಣ ತೂತಲ್ಲಿ ಹೋಗೋ ಆಯಿಲ್ ತೀರಾ ಕಡಿಮೆ, ಅದರಿಂದಲೇ ಇಂಜಿನ್ ಏನೂ ಸಾಯಲ್ಲ, ಆದ್ರೆ ಬಿಡೋಕೆ ಶುರುವಾದ ಅಂಟು ಅಷ್ಟಕ್ಕೇ ನಿಲ್ಲುತ್ತೆ ಅಂತ ಯಾರ ಗ್ಯಾರಂಟಿ? ಚೂರು ಕಿತ್ಕೊಂಡು ಬಂದ್ರೆ ಅದೂ ಹೋಗೋದು ಶುದ್ಧ ಆಯಿಲ್ ಬದಿಗೇ.

ಈ ಮಧ್ಯೆ ಇನ್ನೊಂದು ಹುಚ್ಚು ಹತ್ತಿದೆ. ಸ್ಟೀಲ್ ಕಡೆಯವರ ಗಟ್ಟಿ ವಾದ ಏನಂದ್ರೆ ಇಂಜಿನ್ ತಣ್ಣಗಿದ್ದಾಗ ಆಯಿಲ್ ಮಂದ, ಪೇಪರಲ್ಲಿ ಬೇಗ ಹರಿಯಲ್ಲ, ಬೈಪಾಸ್ ವಾಲ್ವ್ (ಫಿಲ್ಟರ್ ತಪ್ಪಿಸಿ ಆಯಿಲ್ ಬಿಡೋ ಬಾಗಿಲು) ತೆರೆದು ಸೋಸದ ಆಯಿಲೇ ಒಳಗೆ ಹೋಗುತ್ತೆ, ಸ್ಟೀಲಲ್ಲಿ ತಡೆ ಕಡಿಮೆ ಅಂತ. ಮಾತು ಸರಿಯಾಗೇ ಇದೆ, ಹಾಗಾದ್ರೆ ಫಿಲ್ಟರಿನ ಹಿಂದೊಂದು ಮುಂದೊಂದು ಪ್ರೆಶರ್ ಗೇಜ್ ಹಾಕಿ ಎರಡನ್ನೂ ಅಳೆದು ನೋಡೇಬಿಡೋಣ ಅಂತ ಅಡಾಪ್ಟರ್ ತರಿಸಿದೆ. ಥ್ರೆಡ್ ಪಿಚ್ಚೇ (ತಿರುಪಿನ ಸುತ್ತುಗಳ ಅಂತರ) ಬೇರೆ! ಮಾರಿದವನನ್ನ ಕೇಳಿದ್ರೆ ‘ಟೆಫ್ಲಾನ್ ಟೇಪ್ ಸುತ್ತಿ ಟೈಟ್ ಮಾಡಿ’ ಅಂತೆ, ಆಯಿಲ್ ಗ್ಯಾಲರಿಗೆ (ಇಂಜಿನ್ ಒಳಗಿನ ಆಯಿಲ್ ದಾರಿಗೆ) ಟೇಪ್ ಚೂರು ತಿನ್ನಿಸ್ಬೇಕಾ ಪುಣ್ಯಾತ್ಮ?

ಸದ್ಯ ಬೈಕಲ್ಲಿರೋದು ಪೇಪರ್, ಸಣ್ಣ ಕಣ ಹಿಡಿಯೋದ್ರಲ್ಲಿ ಒಳ್ಳೆ ಪೇಪರೇ ಮುಂದೆ. ಸ್ಟೀಲ್ ನಂಗೆ ಬೇಕಾಗಿರೋದು ಇಂಜಿನ್ ಬಿಚ್ಚಿ ಕಟ್ಟಿದ್ಮೇಲಿನ ಮೊದಲ ಸ್ವಲ್ಪ ಓಟಕ್ಕೆ, ಲೋಹದ ಚೂರು ಬಂದಿದ್ರೆ ಫಿಲ್ಟರ್ ಕತ್ತರಿಸದೇ ಮೆಶ್ ಮೇಲೇ ಕಾಣುತ್ತೆ. ಇನ್ನೊಂದು ತರಿಸಿದ್ರೆ ಆಯಿಲ್ ಮುಟ್ಟೋಕೆ ಮುಂಚೆನೇ ಅದನ್ನೂ ಟೆಸ್ಟ್ ಮಾಡಿ ರೀಡಿಂಗ್ ಬರೆದಿಡ್ತೀನಿ, ಮುಂದೆ ತೊಳೆದಾಗೆಲ್ಲ ಹೋಲಿಸೋಕೆ.