ಸ್ಟೋಯಿಕರಿಗೆ ಊರಿನ ಉಸಾಬರಿ ಏಕೆ?

ಪ್ರಾಚೀನ ಗ್ರೀಸ್ ಮತ್ತು ರೋಮ್‌ನ ಸ್ಟೋಯಿಕ್ ತತ್ತ್ವದ ಬಗ್ಗೆ ನಾನು ಎಲ್ಲಿ ಮಾತನಾಡಿದರೂ ಕೊನೆಯಲ್ಲಿ ಯಾರಾದರೊಬ್ಬರು ಈ ಪ್ರಶ್ನೆಯನ್ನು ಎತ್ತುತ್ತಾರೆ: "ನಮ್ಮ ಕೈಯಲ್ಲಿ ಇಲ್ಲದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಎಂದು ಇವರು ಹೇಳುತ್ತಾರೆ. ಸರ್ಕಾರ, ಕಾನೂನು, ರಸ್ತೆ, ನದಿಯ ನೀರು, ಇವು ಯಾವುವೂ ನನ್ನೊಬ್ಬನ ಕೈಯಲ್ಲಿ ಇಲ್ಲ. ಹಾಗಾದರೆ ಅವುಗಳ ಗೊಡವೆ ಬಿಟ್ಟು ನೆಮ್ಮದಿಯಾಗಿರಿ ಎಂದೇ ಅಲ್ಲವೇ ಇದರ ಅರ್ಥ?" ಕೆಲವರು ಇದನ್ನು ಆಕ್ಷೇಪವಾಗಿ ಕೇಳುತ್ತಾರೆ. ಇನ್ನು ಕೆಲವರು, ನಾನು ಹೌದೆಂದುಬಿಡಲಿ ಎಂಬ ಆಸೆಯಿಂದ ಕೇಳುತ್ತಾರೆ, ಅವರು ದಣಿದವರು. ಆಕ್ಷೇಪಿಸುವವರಿಗೆ ಉತ್ತರ ಕೊಡುವುದು ಸುಲಭ, ದಣಿದವರಿಗೆ ಅಷ್ಟು ಸುಲಭವಲ್ಲ. ಆದ್ದರಿಂದ ಈ ಬರಹದಲ್ಲಿ ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ತಪ್ಪು ತಿಳಿವಳಿಕೆ ಹುಟ್ಟುವುದು ಎಪಿಕ್ಟೆಟಸ್‌ನ ಕೈಪಿಡಿಯ ಮೊದಲ ಸಾಲುಗಳಲ್ಲೇ. ಗುಲಾಮನಾಗಿದ್ದು ಬಿಡುಗಡೆ ಪಡೆದು, ಮುಂದೆ ಗ್ರೀಸಿನ ನಿಕೊಪೊಲಿಸ್‌ನಲ್ಲಿ ಶಾಲೆ ನಡೆಸಿದ ಈ ಗುರು ಸ್ವತಃ ಏನನ್ನೂ ಬರೆಯಲಿಲ್ಲ. ಶಿಷ್ಯ ಏರಿಯನ್ ಬರೆದಿಟ್ಟುಕೊಂಡದ್ದಷ್ಟೇ ನಮಗೆ ಉಳಿದಿದೆ. ನಮ್ಮ ಅಭಿಪ್ರಾಯ, ಕೆಲಸಕ್ಕೆ ತೊಡಗುವ ಮನಸ್ಸು, ಬಯಕೆ, ತಿರಸ್ಕಾರ ಇವು ನಮ್ಮ ವಶದಲ್ಲಿರುವವು. ದೇಹ, ಆಸ್ತಿ, ಕೀರ್ತಿ, ಅಧಿಕಾರ ಇವು ನಮ್ಮ ವಶದಲ್ಲಿಲ್ಲದವು ಎಂದು ಅಲ್ಲಿ ವಿಂಗಡಿಸಿದೆ. ಓದುವವರು ಎರಡನೆಯ ಪಟ್ಟಿಯ ಮೇಲೆ ಕಣ್ಣಿಟ್ಟು ಮೊದಲನೆಯದನ್ನು ದಾಟಿಬಿಡುತ್ತಾರೆ. "ಕೆಲಸಕ್ಕೆ ತೊಡಗುವ ಮನಸ್ಸು" ನಮ್ಮ ವಶದಲ್ಲಿದೆ ಎಂದ ಮೇಲೆ, ಮನವಿಯನ್ನು ಬರೆಯುವುದು, ಸಭೆಗೆ ಹೋಗುವುದು, ಸುಳ್ಳಿಗೆ ಸಹಿ ಹಾಕದಿರುವುದು ಎಲ್ಲವೂ ನಮ್ಮ ಪಾಲಿಗೆ ಬಂದವು. ಊರಿನ ಸಮಸ್ಯೆಯೊಂದು ಇಡಿಯಾಗಿ ಗೆರೆಯ ಆಚೆಗೋ ಈಚೆಗೋ ಬೀಳುವುದಿಲ್ಲ. ಗೆರೆ ಅದರ ನಡುವೆಯೇ ಹಾದುಹೋಗುತ್ತದೆ.

ಇದನ್ನು ವಿವರಿಸಲು ಸ್ಟೋಯಿಕರು ಬಿಲ್ಲುಗಾರನ ಹೋಲಿಕೆಯನ್ನು ಕೊಡುತ್ತಿದ್ದರೆಂದು ರೋಮ್‌ನ ವಾಗ್ಮಿ, ಲೇಖಕ ಸಿಸೆರೋ ದಾಖಲಿಸಿದ್ದಾನೆ. ಗುರಿ ಹಿಡಿಯುವುದು, ಉಸಿರು ಬಿಗಿಹಿಡಿದು ಸರಿಯಾಗಿ ಬಾಣ ಬಿಡುವುದು ಬಿಲ್ಲುಗಾರನ ಕೆಲಸ. ಬಿಟ್ಟ ಮೇಲೆ ಗಾಳಿ ಬೀಸಬಹುದು, ಗುರಿಯೇ ಸರಿದುಹೋಗಬಹುದು. ಹಾಗೆಂದು ಅವನು ಗುರಿಯನ್ನೇ ನೋಡದೆ ಆಕಾಶಕ್ಕೆ ಬಾಣ ಬಿಟ್ಟರೆ ಅವನು ಬಿಲ್ಲುಗಾರನೇ ಅಲ್ಲ. ಗುರಿಯ ಬಗ್ಗೆ ಪೂರ್ತಿ ಕಾಳಜಿ ಇರಬೇಕು, ಆದರೆ ತನ್ನ ಯೋಗ್ಯತೆಯನ್ನು ಬಾಣ ತಾಗಿದ್ದರಿಂದ ಅಳೆದುಕೊಳ್ಳಬಾರದು.

ನನಗೆ ಇದು ಅರ್ಥವಾದದ್ದು ಓದಿನಿಂದ ಅಲ್ಲ. ನಾನು ವಾಸಿಸುವ ಬೀದಿಯ ಒಂದು ತಿರುವಿನಲ್ಲಿ ಎದುರಿನಿಂದ ಬರುವ ವಾಹನ ಕಾಣುವುದಿಲ್ಲ. ಅಲ್ಲಿಗೆ ದೀಪ ಮತ್ತು ಎಚ್ಚರಿಕೆಯ ಫಲಕ ಬೇಕೆಂದು ಸಂಬಂಧಪಟ್ಟ ಕಚೇರಿಗೆ ಒಂದೂವರೆ ವರ್ಷ ಅಲೆದೆ. ಮೊದಲ ಏಳೆಂಟು ತಿಂಗಳು ಪ್ರತಿಯೊಂದು ಮೌನವೂ ನನಗೆ ಮಾಡಿದ ಅವಮಾನದಂತೆ ತೋರಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುತ್ತಿದ್ದೇನೆ ಎಂದು ಎಲ್ಲರ ಬಳಿ ಹೇಳಿಕೊಂಡು ತಿರುಗಿದೆ. ಕೊನೆಗೊಂದು ದಿನ ಕಟುವಾದ ಪತ್ರ ಬರೆದೆ. ಅದುವರೆಗೆ ನನ್ನ ಮಾತನ್ನು ಕೇಳಿಸಿಕೊಳ್ಳುತ್ತಿದ್ದ ಒಬ್ಬರೇ ಒಬ್ಬ ಅಧಿಕಾರಿಯೂ ಅದಾದ ಮೇಲೆ ದೂರ ಸರಿದರು. ಆ ಪತ್ರ ನನ್ನ ವಶದಲ್ಲಿದ್ದ ವಿಷಯ; ಅದನ್ನು ನಾನೇ ಕೆಡಿಸಿದ್ದೆ. ಕೋಪಕ್ಕೆ ದೊಡ್ಡ ಮದ್ದು ತಡಮಾಡುವುದು ಎಂದು ರೋಮ್‌ನ ಸ್ಟೋಯಿಕ್ ಲೇಖಕ ಸೆನೆಕಾ ಬರೆದಿದ್ದಾನೆ, ನಾನು ಒಂದು ರಾತ್ರಿಯನ್ನೂ ಕಾಯಲಿಲ್ಲ. ಆಮೇಲೆ ಕೆಲಸವನ್ನು ಬೇರೆ ರೀತಿಯಲ್ಲಿ ಹಿಡಿದೆ: ತಿರುವಿನ ಫೋಟೋಗಳು, ಯಾವ ಹೊತ್ತಿನಲ್ಲಿ ಎಷ್ಟು ಮಕ್ಕಳು ದಾಟುತ್ತಾರೆ ಎಂಬ ಲೆಕ್ಕ, ಅಕ್ಕಪಕ್ಕದವರ ಸಹಿ, ತಿಂಗಳಿಗೊಮ್ಮೆ ಸೌಜನ್ಯದ ಒಂದು ಭೇಟಿ. ಫಲಕ ಬಂತು, ದೀಪ ಇನ್ನೂ ಬಂದಿಲ್ಲ. ಪ್ಲೇಟೋ ಚಿತ್ರಿಸಿದ ಆದರ್ಶ ರಾಜ್ಯವನ್ನು ನಿರೀಕ್ಷಿಸಬೇಡ, ಅತಿ ಸಣ್ಣದೊಂದು ಸಂಗತಿ ಮುಂದೆ ಸಾಗಿದರೂ ತೃಪ್ತನಾಗು ಎಂದು ಮಾರ್ಕಸ್ ಅರೇಲಿಯಸ್ ತನಗೆ ತಾನೇ ಬರೆದುಕೊಂಡ ಮಾತು ನನಗೆ ಆಗ ಆಸರೆಯಾಯಿತು. ಕ್ರಿ.ಶ. 161ರಿಂದ 180ರವರೆಗೆ ರೋಮ್ ಸಾಮ್ರಾಜ್ಯವನ್ನಾಳಿದ, ಯುದ್ಧ ಮತ್ತು ಸಾಂಕ್ರಾಮಿಕ ರೋಗಗಳ ನಡುವೆ ದಿನ ಕಳೆದ ಚಕ್ರವರ್ತಿಯೇ ಹೀಗೆ ಹೇಳಿಕೊಳ್ಳಬೇಕಾಗಿತ್ತು ಎಂಬುದನ್ನು ನೆನೆದರೆ, ಒಂದು ದೀಪದ ಕಂಬಕ್ಕಾಗಿ ಕಾಯುವುದು ಭಾರವೆನಿಸುವುದಿಲ್ಲ.

ಈ ಪಂಥದ ಹೆಸರೇ ಸಾರ್ವಜನಿಕ ಜಾಗವೊಂದರಿಂದ ಬಂದದ್ದು. ಸೈಪ್ರಸ್‌ನ ಕಿಟಿಯಮ್‌ನಿಂದ ಬಂದ ಝೀನೋ ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸ್‌ನಲ್ಲಿ ಪಾಠ ಹೇಳಲು ಆರಿಸಿಕೊಂಡದ್ದು ನಗರದ ಸಂತೆಮಾಳದ ಅಂಚಿನಲ್ಲಿದ್ದ, ಚಿತ್ರಗಳಿಂದ ಅಲಂಕರಿಸಿದ ಕಂಬಸಾಲಿನ ಮೊಗಸಾಲೆಯನ್ನು. ಗ್ರೀಕಿನಲ್ಲಿ ಅಂಥ ಮೊಗಸಾಲೆಗೆ 'ಸ್ಟೋವಾ' ಎನ್ನುತ್ತಾರೆ. ಅದೇ ಕಾಲದ, ಬೇರೊಂದು ಪಂಥದ ಗುರು ಎಪಿಕ್ಯೂರಸ್ ತನ್ನ ಗೆಳೆಯರೊಡನೆ ತೋಟದೊಳಗೆ ಕುಳಿತ. ಇಬ್ಬರ ವ್ಯತ್ಯಾಸವನ್ನು ಸೆನೆಕಾ ಚೊಕ್ಕವಾಗಿ ಹೇಳಿದ್ದಾನೆ: ವಿಶೇಷ ಕಾರಣ ಒದಗದ ಹೊರತು ಜ್ಞಾನಿಯು ರಾಜ್ಯದ ವ್ಯವಹಾರಕ್ಕೆ ಇಳಿಯುವುದಿಲ್ಲ ಎಂಬುದು ಎಪಿಕ್ಯೂರಸ್‌ನ ಮತ, ಏನಾದರೂ ಅಡ್ಡಬಾರದ ಹೊರತು ಇಳಿಯುತ್ತಾನೆ ಎಂಬುದು ಝೀನೋನ ಮತ.

ಇಳಿದವರ ಕಥೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಹೆಲ್ವಿಡಿಯಸ್ ಪ್ರಿಸ್ಕಸ್‌ನದು. ಎಪಿಕ್ಟೆಟಸ್ ಅದನ್ನು ತನ್ನ ಶಿಷ್ಯರಿಗೆ ಹೇಳುತ್ತಾನೆ. ಸೆನೆಟ್ ಸಭೆಗೆ ಬರಬೇಡ ಎಂದು ಚಕ್ರವರ್ತಿ ವೆಸ್ಪಾಸಿಯನ್ ಅವನಿಗೆ ಹೇಳಿಕಳುಹಿಸಿದ. "ನನ್ನನ್ನು ಸದಸ್ಯತ್ವದಿಂದ ತೆಗೆಯುವುದು ನಿನ್ನ ಕೈಯಲ್ಲಿದೆ, ಸದಸ್ಯನಾಗಿರುವವರೆಗೆ ನಾನು ಬರಲೇಬೇಕು" ಎಂದ ಹೆಲ್ವಿಡಿಯಸ್. ಬಂದರೂ ಸುಮ್ಮನಿರು ಎಂದಾಗ, "ನನ್ನ ಅಭಿಪ್ರಾಯ ಕೇಳಬೇಡ, ಸುಮ್ಮನಿರುತ್ತೇನೆ" ಎಂದ. ಕೇಳಲೇಬೇಕಾಗುತ್ತದೆ ಎಂದಾಗ, "ಹಾಗಾದರೆ ನನಗೆ ಸರಿ ಕಂಡದ್ದನ್ನು ನಾನು ಹೇಳಲೇಬೇಕಾಗುತ್ತದೆ" ಎಂದ. ಹೇಳಿದರೆ ಕೊಲ್ಲಿಸುತ್ತೇನೆ ಎಂಬ ಬೆದರಿಕೆಗೆ ಅವನ ಉತ್ತರ ಹೀಗಿತ್ತು: "ನಾನು ಸಾವಿಲ್ಲದವನೆಂದು ನಿನಗೆ ಯಾವಾಗ ಹೇಳಿದೆ? ನಿನ್ನ ಪಾಲಿನದನ್ನು ನೀನು ಮಾಡು, ನನ್ನ ಪಾಲಿನದನ್ನು ನಾನು ಮಾಡುತ್ತೇನೆ." ಮುಂದೆ ಅವನನ್ನು ಗಡೀಪಾರು ಮಾಡಿ ಕೊಲ್ಲಿಸಲಾಯಿತು. ಅವನ ಮಾವ ಥ್ರೇಸಿಯಾ ಪೀಟಸ್ ಕೂಡ ಇದೇ ದಾರಿಯವನು: ನೀರೋ ತನ್ನ ತಾಯಿಯನ್ನು ಕೊಲ್ಲಿಸಿದ್ದನ್ನು ಕ್ರಿ.ಶ. 59ರಲ್ಲಿ ಸೆನೆಟ್ ಸಮರ್ಥಿಸಿ ಹೊಗಳತೊಡಗಿದಾಗ ಅವನು ಎದ್ದು ಹೊರನಡೆದ, 66ರಲ್ಲಿ ಪ್ರಾಣದಂಡನೆಗೆ ಒಳಗಾದ. ಸರಿಸುಮಾರು ನೂರು ವರ್ಷಗಳ ನಂತರ, ಚಕ್ರವರ್ತಿಯೇ ಆದ ಮಾರ್ಕಸ್ ತನ್ನ ಟಿಪ್ಪಣಿಯ ಮೊದಲ ಭಾಗದಲ್ಲಿ, ಚಕ್ರವರ್ತಿಗಳು ಕೊಲ್ಲಿಸಿದ ಈ ಇಬ್ಬರ ಹೆಸರನ್ನು ಕೃತಜ್ಞತೆಯಿಂದ ನೆನೆಯುತ್ತಾನೆ. ಎಲ್ಲರಿಗೂ ಸಮಾನ ಕಾನೂನು, ಸಮಾನ ವಾಕ್ ಸ್ವಾತಂತ್ರ್ಯ ಇರುವ ರಾಜ್ಯದ ಕಲ್ಪನೆಯನ್ನು ಅವರ ಜೊತೆಯಲ್ಲೇ ನೆನೆಯುತ್ತಾನೆ. ಗೊಡವೆ ಬಿಟ್ಟವರ ತತ್ತ್ವವಾಗಿದ್ದರೆ ಅದರಲ್ಲಿ ಇಂಥವರು ಹುಟ್ಟುತ್ತಿರಲಿಲ್ಲ.

ಧೈರ್ಯವೊಂದೇ ಸಾಲದು ಎಂಬುದಕ್ಕೂ ಅಲ್ಲಿ ಉದಾಹರಣೆ ಇದೆ. ಎಪಿಕ್ಟೆಟಸ್‌ನ ಗುರು ಮುಸೋನಿಯಸ್ ರೂಫಸ್ 69ರ ಅಂತರ್ಯುದ್ಧದಲ್ಲಿ ರೋಮ್‌ನತ್ತ ಸಾಗುತ್ತಿದ್ದ ಸೈನಿಕರ ನಡುವೆ ಹೋಗಿ ಶಾಂತಿಯ ಲಾಭಗಳನ್ನು ಬೋಧಿಸತೊಡಗಿದ. ಕೆಲವರು ನಕ್ಕರು, ಹೆಚ್ಚಿನವರಿಗೆ ಬೇಸರವಾಯಿತು, ಇನ್ನೇನು ಮೈಮೇಲೆ ಬೀಳುವುದರಲ್ಲಿದ್ದರು. ಹೊತ್ತಲ್ಲದ ಹೊತ್ತಿನ ವಿವೇಕ ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದ. ನನಗೆ ಮುಸೋನಿಯಸ್‌ನ ಮೇಲೆ ಗೌರವ ಕಡಿಮೆಯಾಗುವುದಿಲ್ಲ, ಆದರೆ ಎಲ್ಲಿ, ಯಾವಾಗ, ಯಾರ ಬಳಿ ಎಂದು ತಿಳಿಯುವುದೂ ನಮ್ಮ ವಶದಲ್ಲಿರುವ ಕೆಲಸವೇ.

ಸ್ಟೋಯಿಕರು ಹೇಳಿದ ನಾಲ್ಕು ಸದ್ಗುಣಗಳಲ್ಲಿ ವಿವೇಕ, ಧೈರ್ಯ, ಸಂಯಮಗಳ ಜೊತೆಗೆ ನ್ಯಾಯವೂ ಇದೆ. ಇಂದು ಈ ತತ್ತ್ವವನ್ನು ಒತ್ತಡ ನಿವಾರಣೆಯ ಉಪಾಯವಾಗಿ ಮಾರುವವರು ನ್ಯಾಯವನ್ನು ಮೆಲ್ಲನೆ ಕೈಬಿಡುತ್ತಾರೆ, ಅದು ನನಗೆ ನಿಜಕ್ಕೂ ನೋವು ತರುವ ಸಂಗತಿ. ಏನನ್ನೋ ಮಾಡಿದವನು ಮಾತ್ರವಲ್ಲ, ಮಾಡದೇ ಉಳಿದವನೂ ಎಷ್ಟೋ ಸಲ ಅನ್ಯಾಯ ಮಾಡಿರುತ್ತಾನೆ ಎಂದ ಮಾರ್ಕಸ್‌ನ ಮಾತು ತಪ್ಪಿಸಿಕೊಳ್ಳುವ ಕಿಂಡಿಯನ್ನೇ ಮುಚ್ಚುತ್ತದೆ.

ಆದರೂ ಆಕ್ಷೇಪಿಸುವವರ ಮಾತಿನಲ್ಲಿ ಸತ್ಯಾಂಶವಿದೆ. ಗುಲಾಮರೂ ಮನುಷ್ಯರು, ಅವರೊಡನೆ ಕುಳಿತು ಉಣ್ಣಿ ಎಂದು ಬರೆದ ಸೆನೆಕಾ, ಗುಲಾಮಗಿರಿಯೇ ಇರಬಾರದು ಎಂದು ಬರೆಯಲಿಲ್ಲ. ಗುಲಾಮನಾಗಿಯೇ ಬದುಕಿದ್ದ ಎಪಿಕ್ಟೆಟಸ್ ಒಳಗಿನ ಸ್ವಾತಂತ್ರ್ಯದ ಬಗ್ಗೆ ಹೇಳಿದಷ್ಟು ಹೊರಗಿನ ಸಂಕೋಲೆಯ ಬಗ್ಗೆ ಹೇಳಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ತಪ್ಪು ಗೆರೆ ಎಳೆದದ್ದರಲ್ಲಿ ಇಲ್ಲ, ಅದನ್ನು ಬಹಳ ಹತ್ತಿರದಲ್ಲೇ ಎಳೆದುಬಿಟ್ಟದ್ದರಲ್ಲಿ ಇದೆ. ಒಬ್ಬನ ಕೈಗೆ ಎಟುಕದ್ದು ನೂರು ಜನ ಸೇರಿದರೆ ಎಟುಕಬಹುದು. ಮತದಾನ, ನ್ಯಾಯಾಲಯ, ಪತ್ರಿಕೆ, ಸಂಘಟನೆ ಇವೆಲ್ಲ ಇರುವ ಕಾಲದಲ್ಲಿ ಬದುಕುವ ನಾವು "ಇದು ನನ್ನ ಕೈಯಲ್ಲಿಲ್ಲ" ಎನ್ನುವ ಮೊದಲು ನಿಜಕ್ಕೂ ಕೈ ಚಾಚಿ ನೋಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ದಿನನಿತ್ಯದಲ್ಲಿ ನಾನು ಇಟ್ಟುಕೊಂಡಿರುವ ಅಭ್ಯಾಸಗಳು ಕಡಿಮೆ. ಸಾರ್ವಜನಿಕ ಸಭೆಗೆ ಹೊರಡುವ ಮುನ್ನ, ಅಲ್ಲಿ ಕೂಗಾಟವಾಗುತ್ತದೆ, ಯಾರೋ ಮಾತನ್ನು ತಿರುಚುತ್ತಾರೆ ಎಂದು ನೆನೆದುಕೊಂಡೇ ಹೋಗುತ್ತೇನೆ. ಸ್ನಾನಗೃಹಕ್ಕೆ ಹೋಗುವ ಮುನ್ನ ಅಲ್ಲಿ ನೀರೆರಚುವವರು, ತಳ್ಳುವವರು, ಬೈಯುವವರು, ಕದಿಯುವವರು ಇರುತ್ತಾರೆಂದು ನೆನೆದುಕೋ ಎಂದು ಎಪಿಕ್ಟೆಟಸ್ ಹೇಳಿದ ಕ್ರಮವಿದು. ಸುದ್ದಿ ಓದುವಾಗ "ಇದರಲ್ಲಿ ನನ್ನ ಕೆಲಸ ಯಾವುದು?" ಎಂದು ಕೇಳಿಕೊಳ್ಳುತ್ತೇನೆ; ಇದ್ದರೆ ಬರೆದಿಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಮುಂದಕ್ಕೆ ಹೋಗುತ್ತೇನೆ. ರಾತ್ರಿ ದೀಪ ಆರಿದ ಮೇಲೆ ಇಡೀ ದಿನವನ್ನು ವಿಚಾರಿಸಿಕೊಳ್ಳುವ ಸೆನೆಕಾನ ರೂಢಿ ನನಗೆ ಇನ್ನೂ ಪೂರ್ತಿ ಕೈಹಿಡಿದಿಲ್ಲ.

ಇನ್ನು ದಣಿದವರ ಮಾತು. ಹತ್ತು ವರ್ಷ ಹಲವು ಸಮಿತಿಗಳಲ್ಲಿ ದುಡಿದಿದ್ದ ಒಬ್ಬ ಶಿಕ್ಷಕಿ ಒಮ್ಮೆ, "ನಾನು ಬಿಟ್ಟುಬಿಟ್ಟರೆ ತಪ್ಪಾಗುತ್ತದೆಯೇ ಸರ್?" ಎಂದು ಕೇಳಿದರು. ನಾನು ಅವರಿಗೆ ಕೈಪಿಡಿಯ ಇಪ್ಪತ್ತನಾಲ್ಕನೆಯ ಭಾಗವನ್ನು ಓದಿ ಹೇಳಿದೆ. ನನ್ನಿಂದ ಊರಿಗೆ ಮೊಗಸಾಲೆಯೂ ಸ್ನಾನಗೃಹವೂ ಸಿಗುವುದಿಲ್ಲವಲ್ಲ ಎಂದು ಕೊರಗುವವನಿಗೆ ಎಪಿಕ್ಟೆಟಸ್ ಅಲ್ಲಿ ಹೇಳುತ್ತಾನೆ: ಕಮ್ಮಾರನಿಂದ ಊರಿಗೆ ಚಪ್ಪಲಿ ಸಿಗುವುದಿಲ್ಲ, ಚಮ್ಮಾರನಿಂದ ಆಯುಧ ಸಿಗುವುದಿಲ್ಲ, ಅವರವರ ಕೆಲಸವನ್ನು ಅವರವರು ಪೂರೈಸಿದರೆ ಸಾಕು, ನಂಬಿಕೆಗೆ ಯೋಗ್ಯನಾದ ಒಬ್ಬ ಪ್ರಜೆಯನ್ನು ನೀನು ಊರಿಗೆ ಒದಗಿಸಿದರೆ ಅದೂ ಉಪಕಾರವೇ. ಹಾಗಾದರೆ ಊರಿನಲ್ಲಿ ನನಗೆ ಯಾವ ಸ್ಥಾನ ಎಂದು ಅವನು ಮತ್ತೆ ಕೇಳಿದಾಗ, ನಿನ್ನ ಪ್ರಾಮಾಣಿಕತೆಯನ್ನೂ ಆತ್ಮಗೌರವವನ್ನೂ ಉಳಿಸಿಕೊಂಡು ಯಾವುದನ್ನು ನಿಭಾಯಿಸಬಲ್ಲೆಯೋ ಅದು, ಎನ್ನುತ್ತಾನೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಮುಂದಿನ ತಿಂಗಳು ಎಲ್ಲ ಸಮಿತಿಗಳಿಂದ ಹೊರಬಂದರು, ಒಂದರ ಲೆಕ್ಕಪತ್ರವನ್ನು ಮಾತ್ರ ಉಳಿಸಿಕೊಂಡರು. ಅದನ್ನು ಈಗಲೂ ಅವರೇ ಬರೆಯುತ್ತಿದ್ದಾರೆ.