‘ಮ್ಯೂಲ್’ ಇಲ್ಲದ ‘ಮೇಡ್ ಇನ್ ಜಪಾನ್’

ಟೋಕಿಯೊಗೆ ಬಂದು ಆರು ವರ್ಷವಾಯಿತು. ಊರಿಂದ ಫೋನ್ ಮಾಡಿದವರೆಲ್ಲ ಸಾಕುರಾ ಹೂವು, ಬುಲೆಟ್ ರೈಲು ಅಂತ ಕೇಳುತ್ತಾರೆ. ನನ್ನ ಶನಿವಾರಗಳು ಕಳೆಯುವುದು ಮಾತ್ರ ಶಿಂಜುಕುವಿನ ಹಳೇ ರೆಕಾರ್ಡ್ ಅಂಗಡಿಗಳಲ್ಲಿ. ಅದೂ ಒಂದೇ ಆಲ್ಬಮ್ಮಿನ ಹಿಂದೆ ಬಿದ್ದು: ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’.

ಈ ಹುಚ್ಚು ಹಿಡಿದದ್ದು ಮೈಸೂರಿನಲ್ಲಿ. ತೊಂಬತ್ತರ ದಶಕದಲ್ಲಿ ಖಾಲಿ ಕ್ಯಾಸೆಟ್ ಕೊಟ್ಟರೆ ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದವಲ್ಲ, ಅಂಥ ಒಂದರಿಂದ ಅಣ್ಣ ಇದನ್ನು ತಂದ. ದುಡ್ಡು ಉಳಿಸೋಕೆ 60 ನಿಮಿಷದ ಕ್ಯಾಸೆಟ್. ಆಲ್ಬಮ್ ಇರೋದು ಸುಮಾರು 76 ನಿಮಿಷ! ಅಂಗಡಿಯವನು ಡ್ರಮ್ ಸೋಲೋ ಇರುವ ‘ದ ಮ್ಯೂಲ್’ ಅನ್ನು ಪೂರ್ತಿ ಬಿಟ್ಟೇಬಿಟ್ಟ. ಕೊನೆಯ ‘ಸ್ಪೇಸ್ ಟ್ರಕಿನ್’ 20 ನಿಮಿಷದ ಹಾಡು, ನಮ್ಮ ಕ್ಯಾಸೆಟ್ಟಿನಲ್ಲಿ ಅದು ಅರ್ಧಕ್ಕೇ ಟಕ್ ಅಂತ ನಿಂತುಬಿಡುತ್ತಿತ್ತು. ಅದೇ ಅದರ ಮುಕ್ತಾಯ ಅಂದುಕೊಂಡಿದ್ದೆವು. ಎಂಥಾ ಧೈರ್ಯ ಇವರದ್ದು, ಹಾಡನ್ನು ಹೀಗೆ ಕತ್ತರಿಸಿ ಎದ್ದು ಹೋಗ್ತಾರಲ್ಲ ಅಂತ ಅಣ್ಣನಿಗೆ ಭಾರಿ ಮೆಚ್ಚುಗೆ.

ರೆಕಾರ್ಡಿಂಗ್ ನಡೆದದ್ದು 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೊದ ಸಭಾಂಗಣ ಬುಡೋಕಾನ್‌ನಲ್ಲಿ. ನಮ್ಮಲ್ಲಿ ಸ್ವಾತಂತ್ರ್ಯಕ್ಕೆ 25 ತುಂಬಿದ ದಿನ ಇಲ್ಲಿ ರಿಚ್ಚಿ ಬ್ಲಾಕ್‌ಮೋರ್ ಗಿಟಾರ್ ಶ್ರುತಿ ಮಾಡಿಕೊಳ್ಳುತ್ತಿದ್ದ. ಲೈವ್ ಆಲ್ಬಮ್ ಬೇಕು ಅಂದವರು ಜಪಾನಿನ ಕಂಪನಿಯವರು. ಬ್ಯಾಂಡಿನವರಿಗೆ ಅಷ್ಟೇನೂ ಆಸೆ ಇರಲಿಲ್ಲ, ಇಲ್ಲೇ ಮಾರಿಕೊಳ್ಳಲಿ ಅಂತಿದ್ದರು. ಆಮೇಲೆ ಸೌಂಡ್ ಎಂಜಿನಿಯರ್ ಮಾರ್ಟಿನ್ ಬರ್ಚ್ ಎಂಟು ಟ್ರ್ಯಾಕಿನಲ್ಲಿ ಹಿಡಿದದ್ದನ್ನು ಕೇಳಿ ಮನಸ್ಸು ಬದಲಾಯಿಸಿದರು. ತಮಾಷೆ ಅಂದರೆ ಜಪಾನಿನಲ್ಲಿ ಇದಕ್ಕೆ ‘ಮೇಡ್ ಇನ್ ಜಪಾನ್’ ಅನ್ನೋ ಹೆಸರೇ ಇರಲಿಲ್ಲ. ಇಲ್ಲಿ ಅದು ‘ಲೈವ್ ಇನ್ ಜಪಾನ್’, ಕವರ್ ಕೂಡ ಬೇರೆ. ಅದರ ಮೊದಲ ಎಲ್‌ಪಿ, ಬದಿಗೆ ಸುತ್ತುವ ಕಾಗದದ ಪಟ್ಟಿ ‘ಓಬಿ’ ಸಮೇತ ಸಿಕ್ಕರೆ ನನ್ನ ತಿಂಗಳ ಬಜೆಟ್ ಕೆಟ್ಟಿತು ಅಂತಲೇ ಅರ್ಥ.

ಮೂರು ರಾತ್ರಿಗಳ ಬಹುಪಾಲು 1993ರಲ್ಲಿ ಮೂರು ಸಿಡಿಗಳಲ್ಲಿ ಬಂತು, 2014ರಲ್ಲಿ ಇನ್ನೂ ದೊಡ್ಡ ಪೆಟ್ಟಿಗೆ. ಎರಡೂ ನನ್ನ ಹತ್ತಿರ ಇವೆ. “ರೀ, ಇದೇ ಹಾಡು ಆಗಲೇ ಇದೆಯಲ್ಲ, ಎಷ್ಟು ಸಲ ತಗೊಳ್ತೀರಿ?” ಅಂತ ಹೆಂಡತಿ ಬೈಯುತ್ತಾಳೆ. ಅವಳು ಉಡುಪಿ ಕಡೆಯವಳು. ನಿಮ್ಮಪ್ಪ ಒಂದೇ ಪ್ರಸಂಗವನ್ನು ನಾಲ್ಕು ಭಾಗವತರ ಕ್ಯಾಸೆಟ್ಟಿನಲ್ಲಿ ಇಟ್ಟುಕೊಂಡಿಲ್ವಾ ಅಂದೆ. ಅದಕ್ಕೆ ಉತ್ತರ ಬರಲಿಲ್ಲ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನಲ್ಲಿ ಬ್ಲಾಕ್‌ಮೋರ್ ಗಿಟಾರಿನಲ್ಲಿ ನುಡಿಸಿದ್ದನ್ನು ಹಾಡುಗಾರ ಇಯಾನ್ ಗಿಲನ್ ಗಂಟಲಲ್ಲಿ ತೆಗೆಯುತ್ತಾನೆ, ಇವನು ಇನ್ನೂ ಮೇಲೆ ಹೋಗುತ್ತಾನೆ, ಅವನು ಬಿಡುವುದಿಲ್ಲ. ಒಂದೊಂದು ರಾತ್ರಿ ಒಂದೊಂದು ಥರ. ಜನ ಮಾತ್ರ ಗಪ್‌ಚುಪ್. ಇದೇ ಜಪಾನಿನ ರೆಕಾರ್ಡಿಂಗ್‌ಗಳ ಸುಖ, ಯಾರೂ ಮೈಕಿನ ಹತ್ತಿರ ಕಿರುಚುವುದಿಲ್ಲ.

ಬುಡೋಕಾನ್ ನೋಡಲು ಒಂದು ಭಾನುವಾರ ಹೋಗಿದ್ದೆ. ಕುಡಾನ್‌ಶಿತಾ ಸ್ಟೇಷನ್ನಿನಲ್ಲಿ ಇಳಿದು, ಕಂದಕ ದಾಟಿ, ಹಳೇ ಕೋಟೆ ಬಾಗಿಲು ಹೊಕ್ಕರೆ ಎಂಟು ಮೂಲೆಯ ಕಟ್ಟಡ. 1964ರ ಒಲಿಂಪಿಕ್ಸ್ ಜೂಡೋಗೆ ಕಟ್ಟಿದ್ದು. ಪ್ರತಿ ಆಗಸ್ಟ್ 15ಕ್ಕೆ ಯುದ್ಧದಲ್ಲಿ ಸತ್ತವರನ್ನು ಇಲ್ಲಿ ನೆನೆಯುತ್ತಾರೆ. 1972ರಲ್ಲಿ ಆ ಸಭೆ ಮುಗಿದ ಎರಡೇ ದಿನಕ್ಕೆ ಡೀಪ್ ಪರ್ಪಲ್‌ನವರು ಆಂಪ್ಲಿಫೈಯರ್ ಹೊತ್ತುಕೊಂಡು ಬಂದದ್ದು. ನಾನು ಹೋದ ದಿನ ಕೆಂಡೋ ಪಂದ್ಯ ನಡೆದಿತ್ತು, ಬಿದಿರಿನ ಕತ್ತಿ ಹಿಡಿದ ಮಕ್ಕಳು ಸಾಲಾಗಿ ನಿಂತಿದ್ದರು. ಮೆಟ್ಟಿಲ ಮೇಲೆ ಕೂತು ‘ಲೇಜಿ’ ಕೇಳಿದೆ. ಆಲ್ಬಮ್ಮಿನಲ್ಲಿ ಟೋಕಿಯೊದ್ದು ಎರಡೇ ಹಾಡು, ‘ಮ್ಯೂಲ್’ ಮತ್ತು ‘ಲೇಜಿ’. ಅಂದರೆ ನಮ್ಮ ಕ್ಯಾಸೆಟ್ಟಿಗೆ ಈ ಕಟ್ಟಡದಿಂದ ಬಂದಿದ್ದದ್ದು ಇದೊಂದೇ.

ಎಲ್ಲವೂ ಎಲ್ಲದಕ್ಕಿಂತ ಜೋರಾಗಿ ಬರಲಿ ಅಂತ ಗಿಲನ್ ವೇದಿಕೆಯಿಂದ ಕೇಳುವುದು ಇದೇ ಆಲ್ಬಮ್ಮಿನಲ್ಲಿ. ನಮ್ಮ ಮನೆಯ ಗೋಡೆ ಎಷ್ಟು ತೆಳುವೆಂದರೆ ಪಕ್ಕದ ಅಜ್ಜಿ ಸೀನಿದ್ದೂ ಕೇಳುತ್ತದೆ. ಹಾಗಾಗಿ ನನಗೆ ಹೆಡ್‌ಫೋನೇ ಗತಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಕಿಕೊಂಡು ಕೂರುತ್ತೇನೆ. ‘ಮ್ಯೂಲ್’ ಬಂದಾಗ ಇದ್ಯಾವುದಪ್ಪಾ ನಡುವೆ ಅಂತ ಈಗಲೂ ಒಂದು ಕ್ಷಣ ಅನಿಸುತ್ತದೆ. ‘ಸ್ಪೇಸ್ ಟ್ರಕಿನ್’ ಹತ್ತನೇ ನಿಮಿಷಕ್ಕೆ ಬಂದಾಗ ಕಿವಿ ತಾನಾಗಿ ಆ ‘ಟಕ್’ಗೆ ಕಾಯುತ್ತದೆ.